ಒಳಗಿನ ಗಡಿಯಾರ

"ಹೊರಗಿನ ಗಡಿಯಾರ ಮರೆತುಬಿಡಿ," ಎಂದ ಅವನು, ಬೋರ್ಡಿಗೆ ಬೆನ್ನು ಕೊಟ್ಟು. "ಒಳಗಿನ ಯಂತ್ರಕ್ಕೆ ಅದರದ್ದೇ ಕಾಲ. ಅಲ್ಲಿ ಒಂದು ಗಂಟೆ ಕಳೆಯೋಷ್ಟರಲ್ಲಿ ನಮಗೆ ಮೂರು ಗಂಟೆ ಕಳೆದಿರುತ್ತೆ."

ಕಂಪ್ಯೂಟರ್ ರಚನೆಯ ಪಾಠವನ್ನು ಅವನಷ್ಟು ಚೆನ್ನಾಗಿ ಹೇಳುವವರು ಆ ಕಾಲೇಜಿನಲ್ಲಿ ಇನ್ನೊಬ್ಬರಿರಲಿಲ್ಲ. ಇದು ಅವನದೇ ಅಭಿಪ್ರಾಯ, ಆದರೂ ಸುಳ್ಳಲ್ಲ. ಉಳಿದವರು ಚೌಕ ಬರೆದು ಇದೇ ಪ್ರೊಸೆಸರ್ ಅನ್ನುತ್ತಿದ್ದರು. ಅವನು ಸಿಮ್ಯುಲೇಟರ್ ತೆರೆದು, ಲ್ಯಾಬಿನ ಕಂಪ್ಯೂಟರಿನೊಳಗೆ ಇನ್ನೊಂದು ಇಡೀ ಕಂಪ್ಯೂಟರನ್ನೇ ಕಟ್ಟಿ ತೋರಿಸುತ್ತಿದ್ದ. ಪ್ರೊಸೆಸರ್, ಮೆಮೊರಿ, ಡಿಸ್ಕ್, ಗಡಿಯಾರ, ಎಲ್ಲವೂ ಬರೀ ಲೆಕ್ಕ. ಬೇಕೆಂದಲ್ಲಿ ಅದನ್ನು ನಿಲ್ಲಿಸಿ ಹೊಟ್ಟೆಯೊಳಗೆ ಇಣುಕಬಹುದಿತ್ತು.

"ಈ ಕ್ಷಣವನ್ನ ಹೀಗೆ ಉಳಿಸಿಟ್ಕೊಳ್ಳಿ. ಮುಂದೆ ಏನು ಕೆಟ್ಟರೂ ಇಲ್ಲಿಗೇ ವಾಪಸ್ ಬರಬಹುದು."

ಮುಂದಿನ ಬೆಂಚಿನ ಹುಡುಗಿ ಕೇಳಿದಳು: "ತಾನು ನಿಧಾನ ಅಂತ ಅದಕ್ಕೆ ಗೊತ್ತಾಗಲ್ವಾ ಸರ್?"

"ಗೊತ್ತಾಗೋಕೆ ಹೊರಗಿನ ಗಡಿಯಾರ ಕಾಣಬೇಕಲ್ಲಮ್ಮ."

ತರಗತಿ ನಕ್ಕಿತು. ಅವನೂ ನಕ್ಕ.

ಪಾಠ ಮುಗಿಯುವಷ್ಟರಲ್ಲಿ ಆಸ್ಪತ್ರೆಯಿಂದ ಅಕ್ಕನ ಫೋನ್ ಬಂತು. ಅವಳ ಎಡಗಣ್ಣು ಹೋಗಿ ವರ್ಷಗಳಾಗಿದ್ದವು. ಈಗ ಬಲಗಣ್ಣಿನ ರೆಟಿನಾ ಕಳಚುತ್ತಿತ್ತು. ಇವತ್ತು ಆಪರೇಷನ್ ಆಗದಿದ್ದರೆ ಇದರ ಆಸೆಯನ್ನೂ ಬಿಡಬೇಕು ಎಂದಿದ್ದರು, ಬೇರೆ ಊರಿನಿಂದ ಬಂದು ಹೋಗುವ ಡಾಕ್ಟರು.

"ಮೂರಕ್ಕೆ ಒಳಗೆ ಕರ್ಕೊಂಡು ಹೋಗ್ತಾರಂತೆ. ನನಗೆ ಕೈಕಾಲೇ ಆಡ್ತಿಲ್ಲ. ನೀನು ಬಾಗಿಲಲ್ಲಿ ನಿಂತಿದ್ರೆ ಮಾತ್ರ ಹೋಗೋದು."

"ಎರಡಕ್ಕೆ ಹೊರಡ್ತೀನಿ."

"ಮರೀಬೇಡ್ವೋ."

"ಯಾವತ್ತು ಮರೆತಿದ್ದೀನಿ ಅಕ್ಕ?"

ಮರೆತಿರಲಿಲ್ಲ. ತಾಯಿಯಿಲ್ಲದ ಮನೆಯಲ್ಲಿ ಅವನನ್ನು ಎತ್ತಿ ಆಡಿಸಿದವಳು ಅವಳು. ಅಕ್ಕ ಎಂದರೆ ಅವನಿಗೆ ಪ್ರಾಣ. ಹಾಗೆಂದು ಅವನು ಎಲ್ಲರಿಗೂ ಹೇಳುತ್ತಿದ್ದ.

ಗಂಟೆ ಒಂದಾಗಿತ್ತು. ನಾಳೆಯ ಪಾಠಕ್ಕೆ ಏನಾದರೂ ಮಾಡಿಕೊಳ್ಳಬಹುದು ಎಂದು ಲ್ಯಾಬಿಗೆ ಹೋದ. ಫೋನನ್ನು ಬಾಗಿಲ ಹೊರಗಿನ ತಗಡಿನ ಪೆಟ್ಟಿಗೆಗೆ ಹಾಕಿದ. ಒಳಗೆ ಫೋನ್ ತರಬಾರದೆಂಬ ನಿಯಮ ಅವನದೇ. ಲ್ಯಾಬಿಗೆ ಕಿಟಕಿಯಿರಲಿಲ್ಲ. ಒಳಗಿನ ಗಡಿಯಾರವನ್ನು ಒಂದಕ್ಕೆ ಸರಿಮಾಡಿ, ಆ ಕ್ಷಣವನ್ನು ಉಳಿಸಿಟ್ಟು, ಯಂತ್ರವನ್ನು ಓಡಲು ಬಿಟ್ಟ. ಅದು ತೆರೆಯನ್ನೆಲ್ಲ ತುಂಬಿಕೊಂಡು, ಹೊರಗಿನ ಕಂಪ್ಯೂಟರಿನ ಗಡಿಯಾರ ಮರೆಯಾಯಿತು.

ಪ್ರೊಸೆಸರಿನ ಪಕ್ಕದ ಪುಟ್ಟ ಮೆಮೊರಿಯನ್ನು ಹಿಗ್ಗಿಸಿದ, ಕುಗ್ಗಿಸಿದ. ಯಾವ ಅಂಕಿ ಎಲ್ಲಿಂದ ಹೊರಟು ಎಲ್ಲಿ ತಂಗಿತೆಂದು ಬೆನ್ನುಹತ್ತಿ ನೋಡಿದ. ಎಲ್ಲವೂ ಅವನು ಹೇಳಿದಂತೆ ನಡೆಯುತ್ತಿತ್ತು. ಇಲ್ಲಿ ಯಾರೂ ಅವನ ಕೈ ಹಿಡಿದುಕೊಳ್ಳುವುದಿಲ್ಲ, ಅಳುವುದಿಲ್ಲ. ಸುಖವೆನಿಸಿತು. ನಡುವೆ ಜೋರು ಹಸಿವಾಯಿತು. ತೆರೆಯ ಮೂಲೆಯಲ್ಲಿದ್ದ ಒಳಗಿನ ಗಡಿಯಾರ ನೋಡಿ, ಬೆಳಗಿನ ತಿಂಡಿ ಸಾಲದಾಯಿತು ಎಂದುಕೊಂಡ.

ತೆರೆಯಲ್ಲಿ ಎರಡಾದ ಕೂಡಲೇ ಎದ್ದ. ತನ್ನ ಶಿಸ್ತನ್ನು ತಾನೇ ಮೆಚ್ಚಿಕೊಂಡ.

ಪೆಟ್ಟಿಗೆಯಲ್ಲಿದ್ದ ಫೋನಿನ ತುಂಬ ಅಕ್ಕನ ಕರೆಗಳು. ಗಾಬರಿ ಹೆಣ್ಣು ಎಂದು ನಗುತ್ತಲೇ ಅವಳಿಗೆ ಫೋನ್ ಮಾಡಿದ.

"ಹೊರಟೆ ಅಕ್ಕ. ಸರಿಯಾಗಿ ಎರಡು ಗಂಟೆ."

"ನಾಲ್ಕಾಯ್ತಲ್ಲೋ."

ಕಾರಿಡಾರಿನ ಕಿಟಕಿಯಲ್ಲಿ ಬಿಸಿಲು ಓರೆಯಾಗಿತ್ತು.

"ನೀನು ಒಳಗೆ ಹೋಗಬೇಕಿತ್ತು."

"ಬರ್ತೀನಿ ಅಂದ್ಮೇಲೆ ತಪ್ಪೋನಲ್ಲ ಅವನು ಅಂತ ಡಾಕ್ಟರಿಗೆ ಹೇಳ್ದೆ. ಕಾದು ಕಾದು ಹೊರಟೇ ಹೋದ್ರು."

"ಈಗ?"

"ಈಗೇನು. ಆಪರೇಷನ್ ಬಟ್ಟೆಲೇ ಬೆಂಚಿನ ಮೇಲೆ ಕೂತಿದ್ದೀನಿ. ಕತ್ತಲೆ ಬರ್ತಾ ಇದೆ ಕಣೋ, ಒಂದು ಕಡೆಯಿಂದ. ಬರ್ತೀಯಾ?"

"ಬಂದೆ ಅಕ್ಕ."

ಮುಂದಿನ ಬೆಂಚಿನ ಹುಡುಗಿಗೆ ಕೊಟ್ಟ ಉತ್ತರ ನೆನಪಾಗಿ ಮುಖ ಬಿಸಿಯಾಯಿತು. ನಾಚಿಕೆಯಷ್ಟೇ ಅಲ್ಲ, ಭಯ. ಆಸ್ಪತ್ರೆಗೆ ಹೋದರೆ ಅವಳ ಆ ಕಣ್ಣಿನೆದುರು ನಿಲ್ಲಬೇಕು. ಯಂತ್ರವನ್ನು ಆರಿಸಿ ಹೋಗೋಣ ಎಂದು ತಿರುಗಿದ. ನಿಯಮದಂತೆ ಫೋನನ್ನು ಪೆಟ್ಟಿಗೆಗೆ ಹಾಕಿ ಒಳಗೆ ಹೋದ.

ಕುರ್ಚಿ ಇನ್ನೂ ಬೆಚ್ಚಗಿತ್ತು. ಕೂತ. ಆರಿಸಲಿಲ್ಲ. ಉಳಿಸಿಟ್ಟ ಕ್ಷಣವನ್ನು ತೆರೆ ಎಂದು ಆಜ್ಞೆ ಕೊಟ್ಟ. ಬೆರಳು ಒಂದಿಷ್ಟೂ ತಡವರಿಸಲಿಲ್ಲ.

ತೆರೆ ಒಮ್ಮೆ ಕಪ್ಪಾಗಿ ಮತ್ತೆ ಬೆಳಗಿತು. ಮೂಲೆಯಲ್ಲಿ ಗಂಟೆ ಒಂದು. ಹೊರಡಲು ಇನ್ನೂ ಬೇಕಾದಷ್ಟು ಹೊತ್ತಿತ್ತು. ಅವನು ಬೆನ್ನನ್ನು ಕುರ್ಚಿಗೆ ಆನಿಸಿದ.

ಬಾಗಿಲ ಹೊರಗೆ ತಗಡಿನ ಪೆಟ್ಟಿಗೆ ಗಡಗಡ ನಡುಗತೊಡಗಿತು.