ಕೋಟು ಕೇಳಿ ಬಂದವಳು

"ಕೋಟು ಇನ್ನೂ ಐತೇನ್ರಿ, ಮೇಡಮ್?"

ಸಂಸ್ಥೆಯಿಂದ ಬಂದ ಹರ್ಷದಾ ಹೀಗೆ ಕೇಳುವ ಹೊತ್ತಿಗೆ ಸುವರ್ಣಾ ತನ್ನ ಹಳೆಯ ನೋಟ್‌ಬುಕ್ಕುಗಳನ್ನು ವರ್ಷವಾರು ಜೋಡಿಸಿ ಟೀಪಾಯಿಯ ಮೇಲಿಟ್ಟಾಗಿತ್ತು. ಹಿಮವಿಜ್ಞಾನದ ಮಹಿಳೆಯರ ಕುರಿತು ಅವಳು ಹಿಂದೆ ಕೆಲಸ ಮಾಡಿದ್ದ ಸಂಸ್ಥೆ ಪ್ರದರ್ಶನ ಏರ್ಪಡಿಸುತ್ತಿದೆ, ಒಬ್ಬರು ಬಂದು ಕಾಣುತ್ತಾರೆ ಎಂದು ಫೋನ್ ಬಂದಾಗಿನಿಂದ ಲಿಂಗಂಪಲ್ಲಿಯ ಆ ಫ್ಲ್ಯಾಟಿನಲ್ಲಿ ಸಡಗರವೋ ಸಡಗರ. ತಂಗಿ ಗಂಗೂಬಾಯಿ ಬೆಳಿಗ್ಗೆಯೇ ಶಿರಾ ಮಾಡಿಟ್ಟಿದ್ದಳು.

"ಐತ್ರಿ," ಎಂದಳು ಗಂಗೂಬಾಯಿ. "ಮೇ ತಿಂಗಳದಾಗ ಊರಿಗೂರ ಬೆವರು ಒರಸ್ಕೊಳ್ಳಾಕತ್ತಿದ್ರ, ನಮ್ಮಕ್ಕ ಕೋಟು ಹಿಡ್ಕೊಂಡು ಬಸ್ ಹತ್ತತಿದ್ಲು. ಕಂಡಕ್ಟರ್ ಹುಚ್ಚೀನ ಅಂದ್ಕೊಂಡಿದ್ದ!"

ಸುವರ್ಣಾ ನಗಲಿಲ್ಲ. ಒಂದು ನೋಟ್‌ಬುಕ್ ತೆರೆದಳು. ಗಂಡಸರು ಅಂಟಾರ್ಕ್ಟಿಕಾದಿಂದ ಕೊರೆದು ತಂದ ಮಂಜುಗಡ್ಡೆಯನ್ನು ಮೈನಸ್ ಇಪ್ಪತ್ತು ಡಿಗ್ರಿಯ ಕೋಣೆಯಲ್ಲಿ ಆ ಕೋಟು ತೊಟ್ಟು ಹನ್ನೊಂದು ವರ್ಷ ಕೊಯ್ದವಳು ಅವಳು. ಆಳಕ್ಕೆ ಹೋದಂತೆ ಮಂಜಿನೊಳಗಿನ ಗಾಳಿಗುಳ್ಳೆ ಸಣ್ಣದಾಗಬೇಕು. ಒಂದು ಪೆಟ್ಟಿಗೆಯಲ್ಲಿ ಮಾತ್ರ ದೊಡ್ಡದಾಗುತ್ತ ಹೋಗಿತ್ತು. ಅಲ್ಲಿ ಹೋದವರು ತುಂಡುಗಳಿಗೆ ತಿರುವುಮುರುವಾಗಿ ಸಂಖ್ಯೆ ಹಾಕಿದ್ದರು ಎಂದು ತಾನು ಪತ್ತೆಹಚ್ಚಿದ್ದನ್ನು ಹರ್ಷದಾಳಿಗೆ ಹೇಳಿದಳು.

"ಇದು ನಿಮ್ಮ ಲ್ಯಾಬಿನ ಹೆಡ್ ಉಪೇಂದ್ರ ಸರ್ ಕಂಡುಹಿಡದದ್ದಲ್ರೀ? ಅವರ ಪ್ರಬಂಧದಾಗ ಓದೀನಿ," ಎಂದಳು ಹರ್ಷದಾ.

ಸುವರ್ಣಾ ಪುಟವನ್ನು ಅವಳ ಕಡೆ ತಿರುಗಿಸಿದಳು. ತಾರೀಖು, ತನ್ನ ಕೈಬರಹ, ಪೆನ್ಸಿಲ್ಲಿನಲ್ಲಿ ಬರೆದ ಗುಳ್ಳೆಗಳು. ಹರ್ಷದಾ ತಾರೀಖಿನ ಮೇಲೆ ಬೆರಳಿಟ್ಟು ಓದಿದಳು.

"ಪ್ರದರ್ಶನದ ಹೆಸರಿನ ಪಟ್ಟಿ ಮುಗದೈತ್ರಿ ಮೇಡಮ್. ಅಂಟಾರ್ಕ್ಟಿಕಾಕ್ಕ ಹೋಗಿಬಂದ ಹೆಂಗಸರು ಅಷ್ಟ ಅಂತ ಕಮಿಟಿ ಠರಾವ್ ಮಾಡೇತಿ."

"ಕಮಿಟ್ಯಾಗ ಯಾರ‍್ಯಾರು ಅದಾರ?" ಎಂದಳು ಸುವರ್ಣಾ.

"ಎಲ್ಲಾ ಹೆಂಗಸರೇ ಅದೀವ್ರಿ."

"ನಾನೂ ಅರ್ಜಿ ಹಾಕಿದ್ದೆ ನೋಡವಾ, ಎರಡು ಸಲ. ಆಗಿನ ಹಡಗದಾಗ ಹೆಂಗಸರಿಗೆ ಬ್ಯಾರೆ ಬಚ್ಚಲಾ ಇಲ್ಲ ಅಂದ್ರು."

"ಹಂಗಂತ ಬರದು ಕೊಟ್ಟಾರೇನ್ರಿ? ಕಾಗದ ಇದ್ರ ನಾ ಕಮಿಟಿಗೆ ಕೇಳಬಹುದು."

"ಬಚ್ಚಲಾ ಇಲ್ಲಂತ ಯಾವ ಆಫೀಸರ್ ಬರದು ಕೊಡ್ತಾನವಾ?"

"ಮತ್ತ ಕೋಟು ಯಾಕ?" ಎಂದಳು ಗಂಗೂಬಾಯಿ.

"ಹೋದವರ ಕೋಟು ಒಂದೂ ಉಳದಿಲ್ರಿ, ಸ್ಟೋರಿಗೆ ವಾಪಸ್ ಕೊಟ್ಟುಬಿಟ್ಟಾರ. ಮೇಡಮ್ಮರದು ಅದ ನಮೂನಿದು. ಫೋಟೋದ ಬಾಜೂಕ ತೂಗಹಾಕ್ತೀವಿ."

"ಹೆಸರು ಯಾರದು ಹಾಕ್ತೀರಿ?" ಎಂದು ಗಂಗೂಬಾಯಿ ಮತ್ತೆ ಕೇಳಿದಳು.

"ಫೋಟೋದಾಗ ಇದ್ದವರದು," ಎಂದಳು ಹರ್ಷದಾ, ತಲೆ ತಗ್ಗಿಸಿ.

ಗಂಗೂಬಾಯಿ ಹರ್ಷದಾಳ ಮುಂದಿದ್ದ ಶಿರಾದ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದಳು.

ಸುವರ್ಣಾ ಕಪಾಟಿನಿಂದ ಕೋಟು ತಂದು, ಕೊಡವಿ, ಗುಂಡಿಗಳನ್ನೆಲ್ಲ ಹಾಕಿದಳು. "ಒಳಗಿನ ಅಸ್ತರ್ ಹರದೈತಿ. ಹೊಲಿಸಿ ಹಾಕ್ರಿ. ಇಲ್ಲಾಂದ್ರ ಹೋದಾಕಿ ಹರಕು ಕೋಟು ಹಾಕ್ಕೊಂಡಿದ್ಲು ಅಂತ ಅದನ್ನೂ ಇತಿಹಾಸದಾಗ ಬರೀತೀರಿ."

ಕೋಟು ಹರ್ಷದಾಳ ಚೀಲದಲ್ಲಿ ಹಿಡಿಸಲಿಲ್ಲ. ಎದೆಗೆ ಅವಚಿಕೊಂಡೇ ಲಿಫ್ಟಿನೊಳಗೆ ಹೋದಳು. ಬಾಗಿಲು ಮುಚ್ಚುವಾಗ ಕೋಟಿನ ಒಂದು ತೋಳು ಸಂದಿನಲ್ಲಿ ಸಿಕ್ಕಿಕೊಂಡಿತು. ಬಾಗಿಲು ಮತ್ತೆ ತೆರೆಯಿತು. ಅವಳು ಅದನ್ನು ಒಳಕ್ಕೆ ಎಳೆದುಕೊಂಡಳು.