ರಾಟೆಯಲ್ಲಿ ಸಿಕ್ಕ ಚಕ್ರ

ಹುಚ್ಚು ಬಿಡುವವರೆಗೆ ಮದುವೆಯಾಗುವುದಿಲ್ಲ, ಮದುವೆಯಾಗುವವರೆಗೆ ಹುಚ್ಚು ಬಿಡುವುದಿಲ್ಲ ಎನ್ನುತ್ತಾರೆ. ತಮಿಳುಸೀಮೆಯ ತುಡಿಯಲೂರಿನ ತಿರುಮಲೈಸಾಮಿಗೆ ಮದುವೆಯಾಗಿ ಮೂವತ್ತೊಂದು ವರ್ಷವಾಗಿತ್ತು, ಹುಚ್ಚು ಹಾಗೇ ಇತ್ತು. ಅದು ಹಳೆಯ ಸೈಕಲ್ಲುಗಳ ಹುಚ್ಚು. ಆರು ವರ್ಷದ ಹಿಂದೆ ಸಿಂಗಾನಲ್ಲೂರಿನ ಗುಜರಿ ಅಂಗಡಿಯಲ್ಲಿ, ತುಕ್ಕು ಹಿಡಿದ ಕಿಟಕಿ ಸರಳುಗಳ ಅಡಿಯಿಂದ ಅವರು ಇಂಗ್ಲೆಂಡಿನ ಉಕ್ಕಿನ ರೇಸ್ ಸೈಕಲ್ಲೊಂದನ್ನು ಎಳೆದು ತಂದಿದ್ದರು. ಈ ಸೀಮೆಯಲ್ಲಿ ಅಂಥದ್ದು ಇನ್ನೊಂದಿಲ್ಲ ಎಂಬುದು ಅವರ ವಾದ. ಅಲ್ಲ ಎನ್ನುವಷ್ಟು ತಿಳಿದವರು ಯಾರೂ ಇಲ್ಲದ್ದರಿಂದ ವಾದ ಗೆದ್ದಂತೆಯೇ ಇತ್ತು.

ಹ್ಯಾಂಡಲ್ಲು, ಸೀಟು, ಮುಂದಿನ ಚಕ್ರ ಎಲ್ಲವೂ ಮೂಲದವೇ. ಹಿಂದಿನ ಚಕ್ರ ಮಾತ್ರ ಇರಲಿಲ್ಲ. ಬೇರೆ ಯಾವುದಾದರೂ ಚಕ್ರ ಹಾಕಿ ಓಡಿಸಬಾರದೇ ಎಂದವರಿಗೆ, "ಊರೋರ ಹಲ್ಲು ಕಟ್ಟಿಸ್ಕೊಂಡು ನೀನು ನಗ್ತೀಯಾ?" ಎಂದು ಕೇಳುತ್ತಿದ್ದರು. ಹೀಗೆ ಆರು ವರ್ಷ ಆ ಸೈಕಲ್ ಗೋಡೆಯಲ್ಲಿ ನೇತಾಡಿತು. ಹೆಂಡತಿ ಮಲ್ಲಿಗಾ ಅದರ ಮೇಲೆ ಟವಲ್ ಒಣಗಿಸಿದರು.

ಮಗ ನವನೀತನ್‌ಗೆ ಹೆಣ್ಣು ನೋಡಲು ಮೂವರೂ ಸಿರುಮುಗೈಗೆ ಹೊರಟ ದಿನ, ಕಾರಮಡೈ ದಾಟುವಾಗ ಮಲ್ಲಿಗಾ ಬಸ್ಸಿನಲ್ಲೇ ಎಚ್ಚರಿಸಿದರು.

"ಅಲ್ಲಿ ಸೈಕಲ್ ಪೇಚ್ಚು, ಆ ಮಾತೇ ಎತ್ತಬಾರ್ದು. ಕಾಫಿ ಕೊಟ್ರೆ ಕುಡೀರಿ, ಬಜ್ಜಿ ಕೊಟ್ರೆ ತಿನ್ನಿ. ಎಲೆ ಮುಂದೆ ಮಾತ್ರ ಕೂರ್ಬೇಡಿ."

"ಅಷ್ಟೂ ತೆರಿಯಾದಾ ನಂಗೆ?" ಎಂದರು ತಿರುಮಲೈಸಾಮಿ.

ತಿಳಿಯದ್ದೇನಲ್ಲ. ಒಪ್ಪಿಗೆಯಾಗುವ ಮೊದಲು ಗಂಡಿನ ಕಡೆಯವರು ಹೆಣ್ಣಿನ ಮನೆಯಲ್ಲಿ ಉಣ್ಣುವಂತಿಲ್ಲ. ಉಂಡರೆ ಸಂಬಂಧ ಗಟ್ಟಿಯಾಯಿತೆಂದೇ ಅರ್ಥ. ಮನೆಯವರು ಊಟಕ್ಕೆ ಕರೆಯುವುದು ಮರ್ಯಾದೆ, ಬಂದವರು ಇನ್ನೊಮ್ಮೆ ಆಗಲಿ ಎನ್ನುವುದು ಮರ್ಯಾದೆ.

ಹೆಣ್ಣಿನ ತಾಯಿ ವಿಜಯಕುಮಾರಿ ಮಗಳೊಂದಿಗೆ ಎರಡು ಮಗ್ಗ ನಡೆಸುತ್ತಿದ್ದರು. ಮಗಳು ಶೋಭನಾ ಕಾಫಿ ತಂದಿಟ್ಟಳು. ಮಲ್ಲಿಗಾ ಅವಳನ್ನು ನೋಡಿದರು. ನವನೀತನ್ ನಾಚಿ ಲೋಟವನ್ನು ನೋಡಿದ. ತಿರುಮಲೈಸಾಮಿ ಮಾತ್ರ ಹುಡುಗಿಯ ಭುಜದಾಚೆ, ಜಗಲಿಯಲ್ಲಿದ್ದ ನೂಲು ಸುತ್ತುವ ರಾಟೆಯನ್ನು ನೋಡಿದರು. ನೇಯುವವರ ಮನೆಗಳಲ್ಲಿ ರಾಟೆಗೆ ಹಳೆಯ ಸೈಕಲ್ ಚಕ್ರ ಕಟ್ಟುವುದು ಹೊಸತಲ್ಲ. ಆದರೆ ಈ ಚಕ್ರದ ಕಡ್ಡಿಗಳೆಲ್ಲ ಸೇರುವ ನಡುಗುಂಬದ ಅಂಚಿನಲ್ಲಿ ಸುತ್ತಲೂ ದುಂಡು ತೂತುಗಳಿದ್ದವು. ಅಂಥ ತೂತುಗಳನ್ನು ಅವರು ತಮ್ಮ ಮುಂದಿನ ಚಕ್ರದಲ್ಲಿ ಆರು ವರ್ಷ ಒರೆಸಿದ್ದರು.

ಬಿಳಿ ಪಂಚೆಯಲ್ಲೇ ನೆಲಕ್ಕೆ ಮಂಡಿಯೂರಿ ಮಸಿಯನ್ನು ಉಗುರಿನಿಂದ ಕೆರೆದರು. ಅದೇ ಕಂಪನಿಯ ಮುದ್ರೆ ಕಾಣಿಸಿತು.

"ಇದು ಎಲ್ಲಿದಮ್ಮಾ?"

"ನಮ್ಮ ತಾತ ಉಕ್ಕಡದ ಗುಜರಿಯಿಂದ ತಂದಿದ್ದು ಮಾಮಾ, ನಾನು ಹುಟ್ಟೋಕೆ ಮುಂಚೆ," ಎಂದಳು ಶೋಭನಾ.

ಅಷ್ಟರಲ್ಲಿ ವಿಜಯಕುಮಾರಿ ಮರ್ಯಾದೆಗೆ ಕರೆದರು. "ಊಟಕ್ಕೆ ಬನ್ನಿ ಅಣ್ಣಾ."

ಚಕ್ರಕ್ಕೆ ಎಷ್ಟು ಕಡ್ಡಿ, ಯಾವ ಟೈರು ಎಂದು ಲೆಕ್ಕ ಹಾಕುತ್ತಿದ್ದ ತಿರುಮಲೈಸಾಮಿ ಎದ್ದರು, ಕೈತೊಳೆದರು, ಎಲೆಯ ಮುಂದೆ ಕೂತರು. ಸಾಂಬಾರು ಅನ್ನ ಮುಗಿಸಿ ರಸಕ್ಕೆ ಗುಳಿ ಮಾಡುವಾಗ, ಉಣ್ಣುತ್ತಿರುವುದು ತಾವೊಬ್ಬರೇ ಎಂದು ಕಂಡಿತು. ತಲೆಯೆತ್ತಿದರೆ ಮಲ್ಲಿಗಾ ಕಣ್ಣಲ್ಲೇ ಸುಡುತ್ತಿದ್ದರು.

ವಿಜಯಕುಮಾರಿ ಆಗಲೇ ಗೋಡೆಯಾಚೆ ಪಕ್ಕದ ಮನೆಯವಳಿಗೆ ಕೂಗಿಯಾಗಿತ್ತು. "ಶಿವಗಾಮೀ! ಸಂಬಂಧ ಆಯ್ತು! ಮಾಪಿಳ್ಳೆ ಹುಡುಗನ ಅಪ್ಪ ಉಂಡುಬಿಟ್ರು!" ಮತ್ತೆ ಒಳಗೆ ಬಂದು ಕಣ್ಣೊರೆಸಿಕೊಂಡರು. "ಆ ಚಕ್ರದ ಮೇಲೆ ನಿಮಗೆ ಆಸೆ ಅಂತ ಕಾಣುತ್ತೆ. ತಗೊಂಡ್ಹೋಗಿ ಅಣ್ಣಾ. ಇನ್ನು ನಮ್ದು ನಿಮ್ದು ಅಂತ ಏನಿದೆ?"

ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಿತ್ತು. ಸುಮ್ಮನೆ ರಸ ಕಲಸಿಕೊಂಡಿದ್ದರೆ ಸಾಕಿತ್ತು. ಆದರೆ ತಿರುಮಲೈಸಾಮಿಯ ಕಣ್ಣು ಬಾಗಿಲಲ್ಲಿ ನಿಂತಿದ್ದ ಶೋಭನಾಳ ಮೇಲೆ ಬಿತ್ತು. ಅವಳ ಮುಖ ಬಾಡಿತ್ತು. ಅವಳನ್ನು ಒಂದು ಮಾತು ಯಾರೂ ಕೇಳಿರಲಿಲ್ಲ. ಅವರ ಮಗನೂ ಇನ್ನೂ ಲೋಟದಿಂದ ಮೇಲೆದ್ದಿರಲಿಲ್ಲ. ತಿರುಮಲೈಸಾಮಿಗೆ ತಮ್ಮ ಮೇಲೇ ಅಸಹ್ಯವಾಯಿತು.

"ತಪ್ಪು ನಂದಮ್ಮಾ," ಎಂದರು. "ಬುದ್ಧಿಯೆಲ್ಲಾ ಆ ಚಕ್ರದ ಮೇಲಿತ್ತು, ಎಲೆ ಮುಂದೆ ಕೂತಿದ್ದೇ ಗೊತ್ತಾಗ್ಲಿಲ್ಲ. ಉಂಡಿದ್ದು ನನ್ನ ಹೊಟ್ಟೆ. ಮಕ್ಕಳು ಸರಿ ಅಂದಿಲ್ಲ. ಇದನ್ನ ಒಪ್ಪಿಗೆ ಅಂತ ಇಟ್ಕೋಬೇಡಿ. ಚಕ್ರಾನೂ... ಬೇಡ."

ವಿಜಯಕುಮಾರಿ ಗೋಡೆಯ ಕಡೆ ನೋಡಿದರು. ಶಿವಗಾಮಿ ಇಷ್ಟು ಹೊತ್ತಿಗೆ ಅರ್ಧ ಬೀದಿಗೆ ಸುದ್ದಿ ಹಂಚಿರಬೇಕು.

ಶೋಭನಾ ಜಗಲಿಗೆ ಹೋದಳು. ಸ್ಪ್ಯಾನರ್ ಹಿಡಿದು ಕೂತು ಎರಡೂ ನಟ್ಟು ಬಿಚ್ಚಿ, ದಾರ ಕಳಚಿ, ಚಕ್ರವನ್ನು ತಂದು ತಿರುಮಲೈಸಾಮಿಯ ಪಕ್ಕ ಒರಗಿಸಿದಳು.

"ಇದು ನಿಮಗೆ ಮಾಮಾ. ನಿಮ್ಮ ಮಗನ್ನ ಕಟ್ಕೊಂಡ್ರೂ ನಿಮ್ದೇ, ಕಟ್ಕೊಳ್ದಿದ್ರೂ ನಿಮ್ದೇ. ನನ್ನ ಮಾತು ಬೇರೆ. ಅವರ ಹತ್ರ ಮಾತಾಡ್ದೆ ನಾನೇನೂ ಹೇಳಲ್ಲ. ಬರೋ ಭಾನುವಾರ ಸೈಕಲ್ ತನ್ನಿ, ಅವರೂ ಬರ್ಲಿ. ರಾಟೆಗೆ ಬೇರೆ ಚಕ್ರ ತರೋದು ಮರೀಬೇಡಿ."

ನವನೀತನ್ ಅಂದು ಮೊದಲ ಬಾರಿಗೆ ಅವಳನ್ನು ನೇರವಾಗಿ ನೋಡಿದ.

ಭಾನುವಾರ ಬೆಳಿಗ್ಗೆ ಇಡೀ ಬೀದಿ ನೋಡುತ್ತಿರುವಾಗ ತಿರುಮಲೈಸಾಮಿ ರಾಟೆಗೆ ಹೊಸ ಚಕ್ರ ಕೂರಿಸಿಕೊಟ್ಟು, ಪಂಚೆ ಎತ್ತಿ ಕಟ್ಟಿ ಸೈಕಲ್ ಹತ್ತಿದರು. ರೇಸಿನ ಆ ಗಾಡಿಯಲ್ಲಿ ಕಾಲು ಆಡಿಸದೆ ಕೂರುವಂತಿರಲಿಲ್ಲ. ಚಕ್ರ ತಿರುಗಿದಷ್ಟು ಹೊತ್ತು ಪೆಡಲೂ ತಿರುಗುತ್ತದೆ. ಹತ್ತು ಮಾರು ಹೋಗಿ ಅಭ್ಯಾಸಬಲದಿಂದ ಕಾಲು ನಿಲ್ಲಿಸಿದರು, ಪೆಡಲು ಅವರನ್ನು ಎತ್ತಿ ಒಗೆಯುವುದರಲ್ಲಿತ್ತು. ಬಾಳೆತೋಟದ ತಿರುವಿನ ಹೊತ್ತಿಗೆ ಹದ ಸಿಕ್ಕಿತು. ಆಮೇಲೆ ಸೈಕಲ್ ಸದ್ದಿಲ್ಲದೆ ಓಡಿತು. ಭವಾನಿ ಹೊಳೆಯ ಗಾಳಿ ಮುಖಕ್ಕೆ ಬಡಿದಾಗ ಐವತ್ತೆಂಟು ವರ್ಷದ ತಿರುಮಲೈಸಾಮಿ ದೊಡ್ಡದಾಗಿ ನಕ್ಕರು.

ಹೊಳೆದಾರಿ ಸುತ್ತಿ ಬೀದಿಗೆ ಬಂದರೆ, ಬೇವಿನ ಮರದ ಕೆಳಗೆ ನವನೀತನ್, ಶೋಭನಾ ನಿಂತು ಮಾತಾಡುತ್ತಿದ್ದರು. ತಾವು ಇಳಿದರೆ ಎಲ್ಲರೂ ಮರದ ಕೆಳಗೇ ಬಂದು ಸೇರುತ್ತಾರೆ, ಮಕ್ಕಳ ಮಾತು ಅಲ್ಲಿಗೇ ನಿಲ್ಲುತ್ತದೆ. ತಿರುಮಲೈಸಾಮಿ ಇಳಿಯಲಿಲ್ಲ. ಎರಡನೆಯ ಸುತ್ತಿಗೆ ಮಗ ಏನೋ ಹೇಳುತ್ತಿದ್ದ. ನಾಲ್ಕನೆಯದಕ್ಕೆ ಹುಡುಗಿ ಬೆರಳು ಮಡಚಿ ಏನನ್ನೋ ವಿವರಿಸುತ್ತಿದ್ದಳು. ಆರನೆಯದಕ್ಕೆ ಅವರ ಮಂಡಿ ಸಾಕೆಂದು ಅತ್ತಿತು, ಆದರೆ ಮರದ ಕೆಳಗೆ ಇಬ್ಬರೂ ನಗುತ್ತಿದ್ದರು. ತಿರುಮಲೈಸಾಮಿ ಹಲ್ಲು ಕಚ್ಚಿ ಮತ್ತೆ ಬಾಳೆತೋಟದ ಕಡೆ ತಿರುಗಿದರು.

ಒಂಬತ್ತನೆಯ ಸುತ್ತಿಗೆ ಶೋಭನಾ ಬೀದಿಯ ನಡುವೆ ಬಂದು ಎರಡೂ ಕೈ ಬೀಸಿದಳು.

"ಮಾಮಾ, ಇಳೀರಿ ಸಾಕು! ಮಾತು ಮುಗೀತು. ನಾನು ಸರಿ ಅಂದ್ಬಿಟ್ಟೆ!"

ತಿರುಮಲೈಸಾಮಿ ಅವಳನ್ನು ಬಳಸಿಕೊಂಡು ಮುಂದೆ ಹೋದರು.

"ಒಂದೇ ನಿಮಿಷ ಇರಮ್ಮಾ," ಎಂದು ಕೂಗಿದರು. "ಈ ಸುತ್ತು ನಂದು!"