ಕೊನೆಗೆ ಉಳಿದ ಎರಡು ಮದುವೆಗಳು

ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಯೂನುಸನ ವಿಡಿಯೋ ಮಿಕ್ಸಿಂಗ್ ಲ್ಯಾಬ್ ಇತ್ತು. ಅವನ ಅಪ್ಪ ಅದೇ ಜಾಗದಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದರು. ಮಗ ಕಂಪ್ಯೂಟರ್ ತಂದಿಟ್ಟ ಮೇಲೆ ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಎಲ್ಲ ಕಡೆಯ ಕ್ಯಾಮೆರಾದವರೂ ಮದುವೆ ಕ್ಯಾಸೆಟ್ ಹಿಡಿದು ಅಲ್ಲಿಗೇ ಬರತೊಡಗಿದರು.

ಕ್ಯಾಸೆಟ್‌ನಲ್ಲಿದ್ದುದನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಕ್ಯಾಸೆಟ್ ವಾಪಸ್ ಕೊಡುವುದು ಅಲ್ಲಿನ ರೂಢಿ. ಕ್ಯಾಮೆರಾದವರು ಅದರ ಮೇಲೆಯೇ ಮುಂದಿನ ಮದುವೆ ತುಂಬಿಸುತ್ತಿದ್ದರು. ಹಾಗಾಗಿ ಸೀಡಿ ತಯಾರಾಗಿ ಮನೆ ಸೇರುವ ತನಕ ಒಂದು ಮದುವೆ ಇರುತ್ತಿದ್ದುದು ಯೂನುಸನ ಲ್ಯಾಬಿನ ಮೂಲೆಯ ಸರ್ವರಿನಲ್ಲಿ ಮಾತ್ರ. ಯಾವುದೋ ಕಂಪನಿ ಮಾರಿದ ಹಳೆಯ ಸರ್ವರನ್ನು ಅವನು ಹುಬ್ಬಳ್ಳಿಯಿಂದ ತಂದಿದ್ದ. ಅದರೊಳಗೆ ಐದು ಹಾರ್ಡ್ ಡಿಸ್ಕ್‌ಗಳು ಸೇರಿ ಒಂದೇ ಡಿಸ್ಕ್ ಎಂಬಂತೆ ಕೆಲಸ ಮಾಡುತ್ತಿದ್ದವು. ಐದರಲ್ಲಿ ಯಾವುದಾದರೂ ಒಂದು ಕೆಟ್ಟರೆ ಉಳಿದ ನಾಲ್ಕು ಅದರ ಪಾಲನ್ನು ಲೆಕ್ಕ ಹಾಕಿ ತುಂಬಿಕೊಡುತ್ತವೆ ಎಂದು ಮಾರಿದವನು ಹೇಳಿದ್ದ. ಯೂನುಸನಿಗೆ ಅದರಲ್ಲಿ ಚೆನ್ನಾಗಿ ನೆನಪಿದ್ದುದು "ಒಂದು ಕೆಟ್ಟರೂ ನಡೀತೈತಿ" ಎಂಬುದಷ್ಟೇ.

2006ರ ಬೇಸಿಗೆಯಲ್ಲಿ, ಮದುವೆಗಳ ಭರಾಟೆಯ ನಡುವೆ, ಸರ್ವರ್ ಕಿರ್ ಕಿರ್ ಎಂದು ಕೂಗತೊಡಗಿತು. ಎಡಿಟಿಂಗ್ ಮಾಡುವ ಪ್ರಿಯಾ ಆ ವಾರವೆಲ್ಲ ರಜೆಯಲ್ಲಿದ್ದಳು. ಯೂನುಸ ಹೋಗಿ ನೋಡಿದ. ಒಂದು ಡಿಸ್ಕಿನ ಮುಂದೆ ಹಳದಿ ದೀಪ ಹತ್ತಿತ್ತು. ಚಿತ್ರಗಳೆಲ್ಲ ಮೊದಲಿನಂತೆಯೇ ತೆರೆಯುತ್ತಿದ್ದವು. ಗಿರಾಕಿಗಳು ಕೂತಿದ್ದರು. ಅವನು ಗುಂಡಿ ಒತ್ತಿ ಸದ್ದು ನಿಲ್ಲಿಸಿದ. ಆಮೇಲೆ ಕೆಲಸದಲ್ಲಿ ಮರೆತ.

ಪ್ರಿಯಾ ಬಂದು ದೀಪ ನೋಡಿದ್ದು ವಾರ ಕಳೆದ ಮೇಲೆ. ಹೊಸಪೇಟೆಯಲ್ಲಿ ಡಿಪ್ಲೊಮಾ ಓದಿದವಳು. ಕಂಪ್ಯೂಟರಿನಲ್ಲಿ ಸರ್ವರಿನ ಸ್ಥಿತಿ ತೋರಿಸುವ ಪುಟ ತೆರೆದಳು. ಮೂರನೆಯ ಡಿಸ್ಕ್ ಫೇಲ್ ಆಗಿತ್ತು. ಒಟ್ಟು ಸ್ಥಿತಿ 'ಡಿಗ್ರೇಡೆಡ್', ಅಂದರೆ ಕುಂಟುತ್ತಾ ನಡೆದಿದೆ, ಎಂದಿತ್ತು. ಐದನೆಯ ಡಿಸ್ಕಿನ ಪಕ್ಕದಲ್ಲಿಯೂ ಎಚ್ಚರಿಕೆಯ ಗುರುತಿತ್ತು.

"ಯೂನುಸಣ್ಣ, ಇದು ಯಾವಾಗಿಂದ ಹಿಂಗೈತಿ?"

"ಮೊನ್ನಿ ಮೊನ್ನಿ. ನಡದೈತಲ್ಲ, ಏನಾತು?"

"ನಡದೈತಿ, ಖರೆ. ಆದ್ರ ಈಗ ಇನ್ನೊಂದು ಹೋದ್ರ ಎಲ್ಲಾ ಹೋತು. ಐದನೇದು ಹೋಗೋ ಹಂಗೈತಿ."

ಯೂನುಸ ಕುರ್ಚಿ ಎಳೆದುಕೊಂಡು ಕೂತ. ಹೊಸ ಡಿಸ್ಕ್ ತರಿಸಿ ಹಾಕಿಬಿಡೋಣ ಎಂದ. ಪ್ರಿಯಾ ಬೇಡವೆಂದಳು. ಹೊಸದು ಹಾಕಿದ ಕೂಡಲೇ ಉಳಿದ ನಾಲ್ಕನ್ನೂ ತುದಿಯಿಂದ ತುದಿಯವರೆಗೆ ಓದಿ ಅದನ್ನು ತುಂಬಿಸುವ ಕೆಲಸ ಶುರುವಾಗುತ್ತದೆ, ಬಳಲಿದ ಐದನೆಯದು ಅಷ್ಟು ಓಟ ತಡೆಯಲಿಕ್ಕಿಲ್ಲ, ಮೊದಲು ಮದುವೆಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳಬೇಕು ಎಂದು ವಿವರಿಸಿದಳು. ಯೂನುಸ ಒಪ್ಪಿದ. ಲ್ಯಾಬಿನ ಕದ ಅರ್ಧ ಮುಚ್ಚಿ, ಹೊಸಪೇಟೆಗೆ ಹೋಗಿ ಹೊರಗಿನಿಂದ ಜೋಡಿಸುವ ದೊಡ್ಡ ಡಿಸ್ಕ್ ತಂದ.

ಯಾವುದು ಮೊದಲು ಎಂಬ ಮಾತಿಗೆ ಇಬ್ಬರಿಗೂ ಜಗಳವಾಯಿತು. ಹಡಗಲಿಯ ಗುತ್ತಿಗೆದಾರ ಪಾಲಾಕ್ಷಪ್ಪನ ಮಗನ ಮದುವೆಯನ್ನು ಹಲವು ಕ್ಯಾಮೆರಾಗಳಲ್ಲಿ ತೆಗೆದಿದ್ದರು. ಬೇರೆ ಮೂರ್ನಾಲ್ಕು ಮದುವೆಗಳಷ್ಟು ಜಾಗ ಅದೊಂದೇ ತಿಂದಿತ್ತು.

"ಸಣ್ಣವು ಮೊದಲು ತಗಿಯೋಣ್ರಿ. ಹೆಚ್ಚು ಮಂದೀದು ಉಳೀತೈತಿ," ಎಂದಳು ಪ್ರಿಯಾ.

"ಪಾಲಾಕ್ಷಪ್ಪಂದು ಹೋದ್ರ ಆ ತಾಲೂಕಿನ್ಯಾಗ ನಾ ಮುಖ ತೋರಿಸಂಗಿಲ್ಲ. ಅದೇ ಮೊದಲು ಹಾಕು."

ಅದೇ ಮೊದಲಾಯಿತು. ಆಮೇಲೆ ಫೋನ್ ಮಾಡಿ ಮಾಡಿ ಕಾಡುತ್ತಿದ್ದವರ ಮದುವೆಗಳು. ಒಮ್ಮೆಯೂ ಫೋನ್ ಮಾಡದಿದ್ದವನು ಕೋಗಳಿಯ ಓಬಳೇಶ. ಬಸ್ ಕಂಡಕ್ಟರ್. ಬುದ್ಧ, ಅಂಬೇಡ್ಕರರ ಫೋಟೋಗಳ ಮುಂದೆ, ಶಾಲೆಯ ಅಂಗಳದಲ್ಲಿ ಅವನ ಮದುವೆಯಾಗಿತ್ತು. ಅವನದು ಹಿಂದೆ ಬಿತ್ತು. ಎಲ್ಲಕ್ಕಿಂತ ಕೊನೆಗೆ ಯೂನುಸ ಇಟ್ಟಿದ್ದು ತನ್ನ ಮಗಳು ಗುಲಫಶಾಳ ನಿಕಾಹ್. ಅವಳನ್ನು ಹರಪನಹಳ್ಳಿಗೆ ಕೊಟ್ಟು ಒಂದು ತಿಂಗಳೂ ಆಗಿರಲಿಲ್ಲ. ಪ್ರಿಯಾ ಅದನ್ನು ಮೇಲೆ ತರಲು ಹೋದಾಗ ಯೂನುಸ ಅವಳ ಕೈ ತಡೆದ.

"ಮನಿದು ಕಡೀಗೆ. ಮಂದಿದು ಮೊದಲು."

ನಕಲು ನಿಧಾನವಾಗಿ ಸಾಗಿತು. ಪಾಲಾಕ್ಷಪ್ಪನ ಮದುವೆಯೇ ದಿನದ ಬಹುಪಾಲು ನುಂಗಿತು. ಕರೆಂಟ್ ಹೋದಾಗ ಯುಪಿಎಸ್ ನಂಬಿ ಮುಂದುವರಿಸಬೇಕೋ ಬೇಡವೋ ಎಂದು ಇಬ್ಬರೂ ಲೆಕ್ಕ ಹಾಕುತ್ತಿದ್ದರು. ಮರುದಿನ ಮಧ್ಯಾಹ್ನ, ಕೂಡ್ಲಿಗಿಯ ಒಂದು ಮದುವೆ ಮುಗಿದು ಓಬಳೇಶನದು ಶುರುವಾದ ಹೊತ್ತಿನಲ್ಲಿ, ಐದನೆಯ ಡಿಸ್ಕ್ ಕಟ್ ಕಟ್ ಎಂದು ಸದ್ದು ಮಾಡಿ ಸುಮ್ಮನಾಯಿತು. ಪರದೆಯ ಮೇಲೆ 'ಆಫ್‌ಲೈನ್' ಎಂದು ಬಂತು. ಫೈಲುಗಳೆಲ್ಲ ಕಾಣದಾದವು.

ಯೂನುಸ ಮೊದಲು ಕೆಟ್ಟಿದ್ದ ಮೂರನೆಯ ಡಿಸ್ಕನ್ನು ಹೊರತೆಗೆದು ಬೇರೆ ಕಂಪ್ಯೂಟರಿಗೆ ಹಚ್ಚಿ ನೋಡಿದ. ಅದು ಚೆನ್ನಾಗಿಯೇ ತಿರುಗಿತು. ಅವನ ಮುಖ ಅರಳಿತು.

"ಇದು ಬದುಕೈತಿ! ಇದನ್ನ ವಾಪಸ್ ಸೇರಿಸು. ನಾಲ್ಕು ಆಗತಾವಲ್ಲ."

"ಬ್ಯಾಡ್ರಿ ಅಣ್ಣ, ಮುಟ್ಟಬ್ಯಾಡ್ರಿ." ಪ್ರಿಯಾ ಎದ್ದು ಬಂದು ಡಿಸ್ಕನ್ನು ಅವನ ಕೈಯಿಂದ ತೆಗೆದುಕೊಂಡಳು. "ಇದು ಹೊರಗ ಬಿದ್ದು ವಾರದ ಮ್ಯಾಲಾತು. ಆಮ್ಯಾಲ ನಾವು ಏನೇನು ಇಳಿಸೀವಿ, ಏನೇನು ಅಳಿಸೀವಿ, ಇದಕ್ಕ ಒಂದೂ ಗೊತ್ತಿಲ್ಲ. ಇದರ ಹಳೀ ಲೆಕ್ಕ ಕೂಡಿಸಿದ್ರ ಉಳಿದಿದ್ದೂ ಕಲಸಿ ಹೋಗತೈತಿ."

"ಮತ್ತೇನು ಮಾಡೋದು?"

"ಈಗ ಬಿದ್ದದ್ದು ಐದನೇದು. ಅದರಾಗಿಂದು ಇವತ್ತಿನ ಲೆಕ್ಕ. ತಣ್ಣಗಾಗಲಿ. ಆಮ್ಯಾಲ ಅದನ್ನ ಬಲವಂತ ಮಾಡಿ ಒಳಗ ಕರಕೊಳ್ಳಾಕ ಬರತೈತಿ. ಬಂದ್ರ ಸ್ವಲ್ಪ ಹೊತ್ತು ಬರಬಹುದು. ಎಷ್ಟೊತ್ತು ಅಂತ ಹೇಳಾಕ ಆಗಂಗಿಲ್ಲ."

ಸರ್ವರ್ ಆರಿಸಿ, ಐದನೆಯದನ್ನು ಹೊರತೆಗೆದು ಫ್ಯಾನಿನ ಮುಂದಿಟ್ಟರು. ಯೂನುಸ ಸಂಜೆಯ ಅಸರ್ ನಮಾಜಿಗೆ ಹೋಗಿ ಬಂದ. ಅವನು ಬರುವಷ್ಟರಲ್ಲಿ ಪ್ರಿಯಾ ಡಿಸ್ಕನ್ನು ಅದರ ಜಾಗದಲ್ಲೇ ಕೂರಿಸಿ, ಸರ್ವರ್ ಚಾಲೂ ಮಾಡಿದ್ದಳು. ಬಲವಂತದ ಆಜ್ಞೆ ಕೊಟ್ಟಳು. ಪರದೆ ಮತ್ತೆ 'ಡಿಗ್ರೇಡೆಡ್' ಎಂದಿತು. ಕೆಟ್ಟ ಪದವೇ ಆದರೂ ಈಗ ಅದನ್ನು ನೋಡಿ ಇಬ್ಬರೂ ಉಸಿರು ಬಿಟ್ಟರು.

"ಇನ್ನಿರೋ ಎರಡು ಮದುವ್ಯಾಗ ಒಂದು ಉಳೀತೈತಿ ಅಂತ ತಿಳಕೊಳ್ರಿ," ಎಂದಳು ಪ್ರಿಯಾ. "ಎರಡನೇದಕ್ಕ ನಂಬಿಕಿ ಇಲ್ಲ. ಗುಲಫಶಾಂದು ಸಣ್ಣದೈತಿ, ಲಗೂ ಆಗತೈತಿ. ಅದನ್ನ ಹಾಕ್ಲ್ಯಾ?"

ಯೂನುಸ ಪರದೆಯ ಮೇಲಿನ ಎರಡೂ ಹೆಸರು ನೋಡಿದ. ಸದ್ದು ನಿಲ್ಲಿಸಿದ್ದು ತಾನು. ದೊಡ್ಡದು ಮೊದಲು ಎಂದದ್ದೂ ತಾನು. ಪ್ರಿಯಾ ಹೇಳಿದಂತೆ ಮಾಡಿದ್ದರೆ ಆ ಕಂಡಕ್ಟರ್ ಹುಡುಗನದು ನಿನ್ನೆಯೇ ಮುಗಿದಿರುತ್ತಿತ್ತು.

"ಓಬಳೇಶಂದು ಹಾಕು," ಎಂದ.

ಅವಳು ಎರಡನೆಯ ಬಾರಿ ಕೇಳಲಿಲ್ಲ. ಓಬಳೇಶನ ಮದುವೆ ಪೂರ್ತಿ ಇಳಿಯಿತು. ಪರೀಕ್ಷೆಗೆಂದು ಅಲ್ಲಲ್ಲಿ ತೆರೆದು ನೋಡಿದರು. ಬಿಳಿ ಸೀರೆಯ ಮದುಮಗಳು, ಮೈಕ್ ಮುಂದೆ ತೊದಲುವ ಓಬಳೇಶ, ಸಾಲಿನಲ್ಲಿ ಕೂತು ಬಾಯಿಗೆ ಸೆರಗು ಹಿಡಿದು ನಗುವ ಅವನ ತಾಯಿ ಕೆಂಚಕ್ಕ. ಆಮೇಲೆ ಪ್ರಿಯಾ ಗುಲಫಶಾಳದನ್ನು ಹಚ್ಚಿದಳು. ಹೆಸರು ಪರದೆಯ ಮೇಲೆ ಬಂದು, ಅಳತೆಯ ಪಟ್ಟಿ ಒಂದಿಷ್ಟು ಸರಿದು, ನಿಂತಿತು. ಐದನೆಯ ಡಿಸ್ಕ್ ಮತ್ತೆ ಏಳಲಿಲ್ಲ. ಬೆಂಗಳೂರಿನಲ್ಲಿ ಡಿಸ್ಕ್ ಬಿಚ್ಚಿ ತೆಗೆಯುವವರಿಗೆ ಕಳಿಸಿದರು. ಒಳಗಿನ ತಟ್ಟೆಗಳಿಗೇ ಗೀರು ಬಿದ್ದಿವೆ, ಆಗುವುದಿಲ್ಲ ಎಂದು ಅವರು ವಾಪಸ್ ಕಳಿಸಿದರು.

ಓಬಳೇಶನಿಗೆ ಇದೇನೂ ಗೊತ್ತಾಗಲಿಲ್ಲ. ಒಂದು ದಿನ ಡ್ಯೂಟಿ ಮುಗಿಸಿ ಖಾಕಿಯಲ್ಲೇ ಬಂದು ಸೀಡಿ ತೆಗೆದುಕೊಂಡ. "ಭಾಳ ತಡಾ ಮಾಡಿದ್ರಿ ಸಾಬ್ರ," ಎಂದು ಮುಖ ಗಂಟಿಕ್ಕಿಯೇ ಹೋದ.

ಮನೆಯಲ್ಲಿ ಹೆಂಡತಿ ಮಕ್ತುಂಬಿ ವಿಷಯ ಕೇಳಿ ಅತ್ತಳು. "ಊರ ಮಂದಿ ಮದುವಿ ಉಳಿಸಿದ್ರಿ. ಇದ್ದಾಕಿ ಒಬ್ಬಾಕೇ ಮಗಳು," ಎಂದಳು. ಆ ವಾರ ಅವನ ಜೊತೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದಳು. ಲ್ಯಾಬಿನಲ್ಲಿ ಪ್ರಿಯಾ ಹೊಸ ಪದ್ಧತಿ ತಂದಳು. ಮದುವೆಯ ನಕಲು ಎರಡು ಕಡೆ ಇದ್ದ ಹೊರತು ಕ್ಯಾಸೆಟ್ ವಾಪಸ್ ಕೊಡುವಂತಿಲ್ಲ. ಕ್ಯಾಮೆರಾದವರು ಗೊಣಗಿದರು. ಯೂನುಸ ಅವಳ ಪರವಾಗಿ ನಿಂತ.

ಗುಲಫಶಾ ತವರಿಗೆ ಬಂದಾಗ ಅವನೇ ಎದುರು ಕೂತು ಎಲ್ಲ ಹೇಳಿದ. ಯಾವುದನ್ನೂ ಮುಚ್ಚಲಿಲ್ಲ. ಅವಳು ಕೊನೆಯವರೆಗೂ ಕೇಳಿದಳು.

"ನನಗ ಒಂದು ಫೋನ್ ಮಾಡಬೇಕಿತ್ತು ಅಬ್ಬಾ."

"ಟೈಮ್ ಇರಲಿಲ್ಲವ್ವ."

"ಡಿಸ್ಕ್ ತಣ್ಣಗಾಗಾಕ ಇಟ್ಟಾಗ ಇತ್ತಲ್ಲ. ಕೇಳಿದ್ರ ನಾನೂ ಅವರದೇ ಹಾಕ್ರಿ ಅಂತಿದ್ನೋ ಏನೋ. ಆದ್ರ ಅದು ನಿಮ್ದಲ್ಲ, ನಂದು. ನನ್ನದನ್ನ ನೀವು ಕೊಟ್ಟುಬಿಟ್ರಿ."

ಯೂನುಸನಿಗೆ ಇದು ಹೊಳೆದಿರಲಿಲ್ಲ. ಮನೆಯದನ್ನು ಬಿಟ್ಟುಕೊಟ್ಟೆ ಎಂದಷ್ಟೇ ಅವನು ತಿಳಿದಿದ್ದ. "ತಪ್ಪಾತು," ಎಂದ. ಮಕ್ತುಂಬಿ ಒಳಗಿನಿಂದ ಊಟಕ್ಕೆ ಕರೆದಳು. ಮೂವರೂ ಒಟ್ಟಿಗೆ ಕೂತು ಉಂಡರು.

ಮರುದಿನ ಅವಳನ್ನು ಹರಪನಹಳ್ಳಿ ಬಸ್ಸಿಗೆ ಹತ್ತಿಸಲು ಹೋದ. ಬಸ್ ಇನ್ನೂ ಬಂದಿರಲಿಲ್ಲ. ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತರು.

"ಆ ಕೋಗಳಿ ಹುಡುಗನ ಮದುವಿ ನೀವು ನೋಡಿದ್ರೇನು?" ಎಂದಳು ಗುಲಫಶಾ.

"ಸ್ವಲ್ಪ ನೋಡೀನಿ."

"ಹ್ಯಾಂಗೈತಿ?"

"ಚಲೋ ಐತಿ. ಅವರವ್ವ ಭಾಳ ನಗತಾಳ."

"ನನ್ನದು ನೋಡಿದ್ರೇನು?"

"ಇಲ್ಲ. ನಿಕಾಹದ ದಿನಾನೂ ಓಡಾಟದಾಗ ಸರಿ ನೋಡಲಿಲ್ಲ, ಕೆಲಸ ಇತ್ತು. ಆಮ್ಯಾಲ ಕುಂತು ನೋಡೋಣ ಅಂದಿದ್ದೆ."

ಬಸ್ ಬಂತು. ಗುಲಫಶಾ ಎದ್ದು ಚೀಲ ಎತ್ತಿಕೊಂಡಳು. ಯೂನುಸ ಅದನ್ನು ಇಸಿದುಕೊಂಡು, ಜನರ ನಡುವೆ ನುಗ್ಗಿ, ಕಿಟಕಿಯ ಪಕ್ಕದ ಸೀಟು ಹಿಡಿದುಕೊಟ್ಟು ಕೆಳಗಿಳಿದ. ಬಸ್ ತಿರುಗುವಾಗ ಅವಳು ಕಿಟಕಿಯಿಂದ ತಲೆ ಹೊರಹಾಕಿ, "ಮುಂದಿನ ಜುಮ್ಮಾಕ್ಕ ಅಮ್ಮಿನ್ನ ಕರಕೊಂಡು ಬರ್ರಿ. ಕುಂತು ಹೇಳತೀನಿ, ನನ್ನ ನಿಕಾಹ್ ಹ್ಯಾಂಗಾತು ಅಂತ," ಎಂದಳು. ಅವನು ಬರುತ್ತೇನೆಂದು ಕೈ ಎತ್ತಿದ.